ಎಫ್ ಲೈನ್ ಟ್ರಾಮು, ಮಾರ್ಕೆಟ್ ಸ್ಟ್ರೀಟಿನ ಮೂಲೆಗಳು ಮತ್ತೆ ನಮ್ಮ ಅಪ್ಪಯ್ಯ

ಸ್ಯಾನ್ ಫ್ರಾನ್ಸಿಸ್ಕೋಗೆ ಊರಿಂದ ಅಪ್ಪ ಅಮ್ಮ ಬಂದ್ರೆ ಎಲ್ರೂ ಮಾಡೋದು ಒಂದೇ, ಗೋಲ್ಡನ್ ಗೇಟ್ ಮುಂದೆ ಒಂದು ಫೋಟೋ, ಪಿಯರ್ 39ರಲ್ಲಿ ಸೀ ಲಯನ್ ನೋಡೋದು, ಆಮೇಲೆ ಹಸಿವಾಗಿ ಸನ್ನಿವೇಲ್‌ಗೆ ವಾಪಸ್ ಬಂದು ದೋಸೆ ತಿನ್ನೋದು. ನಾನೂ ಮೊದಲ ಸಲ ಹಂಗೇ ಮಾಡ್ದೆ. ಅದೂ ಒಂದು ಟೂರ್ ಬಸ್ಸಲ್ಲಿ (ಹೆಸರು ಬೇಡ ಬಿಡಿ), ತಲೆಗೆ ಐವತ್ತು ಚಿಲ್ಲರೆ ಡಾಲರ್ ಕೊಟ್ಟು, ಮೇಲಿನ ಅಂತಸ್ತಲ್ಲಿ ಗಾಳಿಗೆ ಒಣಗಿದ ಮೀನಿನ ಥರ ಕೂತು, ಇಯರ್‌ಫೋನಲ್ಲಿ ಬರೋ ಕಾಮೆಂಟರಿ ಎರಡು ಬ್ಲಾಕ್ ಹಿಂದಿನ ಬಿಲ್ಡಿಂಗ್ ಬಗ್ಗೆ ಹೇಳ್ತಿತ್ತು. ಅಪ್ಪಯ್ಯ ಇಳಿಯೋವಾಗ ಹೇಳಿದ್ದು ಇಷ್ಟೇ, "ಛಳಿ ಚೆನ್ನಾಗಿತ್ತು ಮಾರಾಯ."

ಈ ಸಲ ಅವ್ರನ್ನ ಎಫ್ ಮಾರ್ಕೆಟ್ ಲೈನ್ ಟ್ರಾಮಲ್ಲಿ ಕರ್ಕೊಂಡು ಹೋದೆ, ಅದರ ರಿವ್ಯೂ ಇದು.

ಮೊದ್ಲು ಒಂದು ಗೊಂದಲ ಬಗೆಹರಿಸ್ಬಿಡ್ತೀನಿ ಯಾಕಂದ್ರೆ ನಮ್ಮವರೆಲ್ಲ ಇದನ್ನೂ ಕೇಬಲ್ ಕಾರನ್ನೂ ಒಂದೇ ಅನ್ಕೋತಾರೆ. ಕೇಬಲ್ ಕಾರ್‌ಗೆ ಸ್ವಂತ ಮೋಟರ್ ಇಲ್ಲ, ರಸ್ತೆ ಕೆಳಗೆ ಸದಾ ಓಡ್ತಿರೋ ಉಕ್ಕಿನ ಹಗ್ಗವನ್ನ ಹಿಡ್ಕೊಂಡು ಗುಡ್ಡ ಹತ್ತುತ್ತೆ, ಗಂಟೆಗೆ ಸುಮಾರು 15 ಕಿಲೋಮೀಟರ್, ನಾವು ಹೋದಾಗ ಒಂದು ಸಲಕ್ಕೆ 8 ಡಾಲರ್ ಇತ್ತು, ಮೇಲಿಂದ ದೊಡ್ಡ ಕ್ಯೂ. ಎಫ್ ಲೈನ್ ಅನ್ನೋದು ಸ್ಟ್ರೀಟ್‌ಕಾರ್, ಅಂದ್ರೆ ಟ್ರಾಮು, ಮೇಲಿನ ತಂತಿಯಿಂದ ಕೋಲಲ್ಲಿ ಕರೆಂಟ್ ತಗೊಂಡು ಹಳಿ ಮೇಲೆ ಓಡೋದು, ಟಿಕೆಟ್ ಮಾಮೂಲಿ ಸಿಟಿ ಬಸ್ಸಿಂದೇ, ನಾವು ಹೋದಾಗ ಕ್ಯಾಶ್ ಆದ್ರೆ 3 ಡಾಲರ್, ಕ್ಲಿಪ್ಪರ್ ಅನ್ನೋ ಇಲ್ಲಿನ ಬಸ್ಸು ಟ್ರೈನಿನ ಕಾರ್ಡ್ ಇದ್ರೆ ಇನ್ನೂ ಸ್ವಲ್ಪ ಕಮ್ಮಿ, ಸೀನಿಯರ್ ಸಿಟಿಜನ್‌ಗೆ ಅದರ ಅರ್ಧ. ಐವತ್ತು ಡಾಲರ್ ಬಸ್ ನೆನೆಸ್ಕೊಂಡು ನನ್ನ ಹೊಟ್ಟೆ ಉರೀತು.

ಅಪ್ಪಯ್ಯನ ಕಥೆ ಒಂಚೂರು ಹೇಳ್ಬೇಕು, ಇಲ್ಲಾಂದ್ರೆ ಯಾಕೆ ಟ್ರಾಮು ಅಂತ ಗೊತ್ತಾಗಲ್ಲ. ಕುಂದಾಪುರ ಕಡೆಯವರು ನಾವು, ಅವ್ರು ಹದಿನಾಲ್ಕನೇ ವಯಸ್ಸಿಗೆ ಮುಂಬೈಗೆ ಹೋಗಿ ದಾದರ್ ಹತ್ರ ಒಂದು ಉಡುಪಿ ಹೋಟ್ಲಲ್ಲಿ ಟೇಬಲ್ ಒರೆಸೋ ಹುಡುಗ ಆಗಿ ಸೇರ್ಕೊಂಡವ್ರು, ಆಮೇಲೆ ಸಪ್ಲೈಯರ್, ಆಮೇಲೆ ಗಲ್ಲಾ. ಆಗ ಮುಂಬೈಲಿ ಟ್ರಾಮ್ ಇತ್ತು. 1874ರಲ್ಲಿ ಕುದುರೆ ಎಳೆಯೋ ಟ್ರಾಮಾಗಿ ಶುರುವಾಗಿ 1907ರಲ್ಲಿ ಕರೆಂಟಿಗೆ ಬಂದು ಆಮೇಲೆ ಡಬಲ್ ಡೆಕರ್ ಕೂಡ ಆಗಿ ಕೊನೆಗೆ 1964 ಮಾರ್ಚ್ 31ರ ರಾತ್ರಿ ನಿಂತೇ ಹೋಯ್ತು, ಕೊನೇ ಟ್ರಾಮ್ ಬೋರಿ ಬಂದರ್‌ನಿಂದ ದಾದರ್‌ಗೆ. ಆ ರಾತ್ರಿ ಇಡೀ ಊರು ರಸ್ತೆಗೆ ಬಂದಿತ್ತಂತೆ, ಅಪ್ಪಯ್ಯಂಗೆ ಮಾತ್ರ ಧಣಿ ಬಿಡ್ಲಿಲ್ಲ, ಪಾತ್ರೆ ಎಲ್ಲ ತೊಳೆದು ಕೈ ಒರೆಸ್ಕೊಂಡು ಓಡಿ ಬರೋಷ್ಟ್ರಲ್ಲಿ ಮುಗಿದು ಹೋಗಿತ್ತು. ಅರವತ್ತು ವರ್ಷದಿಂದ ಈ ಕಥೆ ಹೇಳ್ತಾನೇ ಇದಾರೆ. ಮಜಾ ಅಂದ್ರೆ ಟ್ರಾಮ್ ಹೋದ್ರೂ ಆ ಸರ್ಕಲ್ಲಿಗೆ ಇವತ್ತಿಗೂ ದಾದರ್ ಟಿಟಿ ಅಂತಾರೆ, ಟಿಟಿ ಅಂದ್ರೆ ಟ್ರಾಮ್ ಟರ್ಮಿನಸ್, ಟ್ಯಾಕ್ಸಿಯವನಿಗೂ ಅದೇ ಹೇಳೋದು, ಅವನಿಗೆ ಅದರ ಅರ್ಥ ಗೊತ್ತಿರಲ್ಲ.

ಸರಿ, ಟ್ರಾಮಿಗೆ ಬರೋಣ. ನಾವು ಲೈನಿನ ಕ್ಯಾಸ್ಟ್ರೋ ಕೊನೆಯಿಂದ ಹತ್ತಿದ್ವಿ, ನೀವೂ ಅಲ್ಲಿಂದಾನೇ ಹತ್ತಿ, ಇನ್ನೊಂದು ಕೊನೆ ಫಿಶರ್‌ಮನ್ಸ್ ವಾರ್ಫ್ ಕಡೆಯಿಂದ ಹತ್ತಿದ್ರೆ ಟೂರಿಸ್ಟ್ ಜಾತ್ರೆ, ಕಾಲಿಡಕ್ಕೆ ಜಾಗ ಇರಲ್ಲ. ಬಂದಿದ್ದು ಕಿತ್ತಳೆ ಬಣ್ಣದ ಬೋಸ್ಟನ್ ಟ್ರಾಮು, ನಂಬರ್ 1059. ಅಪ್ಪಯ್ಯಂಗೆ ಹೋಟ್ಲು ಅಭ್ಯಾಸ, ಜೇಬಲ್ಲಿ ಸಣ್ಣ ಡೈರಿ ಪೆನ್ನು ಇದ್ದೇ ಇರುತ್ತೆ, ಹತ್ತೋಕ್ ಮುಂಚೆ ನಂಬರ್ ಬರ್ಕೊಂಡ್ರು.

ಈ ಗಾಡಿಗಳಿಗೆ ಪಿಸಿಸಿ ಅಂತಾರೆ, ಅಂದ್ರೆ ಪ್ರೆಸಿಡೆಂಟ್ಸ್ ಕಾನ್ಫರೆನ್ಸ್ ಕಮಿಟಿ. 1930ರ ಸುಮಾರಿಗೆ ಕಾರು ಬಸ್ಸು ಬಂದು ಟ್ರಾಮ್ ಕಂಪನಿಗಳಿಗೆ ಏಟು ಬೀಳೋಕೆ ಶುರುವಾದಾಗ ಅವುಗಳ ಅಧ್ಯಕ್ಷರೆಲ್ಲ ಸೇರಿ ಒಂದು ಕಮಿಟಿ ಮಾಡಿ, ಕಾರಿಗೆ ಸಡ್ಡು ಹೊಡೆಯೋ ಥರದ್ದೊಂದು ನುಣುಪಾದ ಟ್ರಾಮು ಡಿಸೈನ್ ಮಾಡ್ಸಿದ್ರು, 1936ರಲ್ಲಿ ರಸ್ತೆಗೆ ಬಂತು. ಹಳೇ ಟ್ರಾಮಿನ ಥರ ಕೈಯಲ್ಲಿ ತಿರುಗಿಸೋ ಹಿಡಿ ಇಲ್ಲ, ಕಾರಿನ ಥರ ಕಾಲಲ್ಲಿ ಪೆಡಲ್ ಒತ್ತೋದು. ಸ್ಪೀಡ್ ತಗೊಳ್ಳೋದು ನೋಡಿದ್ರೆ ಎಪ್ಪತ್ತು ಚಿಲ್ಲರೆ ವರ್ಷದ ಗಾಡಿ ಅನ್ಸಲ್ಲ. ಎಫ್ ಲೈನಲ್ಲಿ ಒಂದೊಂದು ಗಾಡಿಗೆ ಒಂದೊಂದು ಊರಿನ ಬಣ್ಣ, ಕ್ಯಾನ್ಸಸ್ ಸಿಟಿ, ಬರ್ಮಿಂಗ್‌ಹ್ಯಾಮ್, ಲಾಸ್ ಏಂಜಲಿಸ್‌ನ ಕೆಂಪು, ಹಿಂಗೆ. ಆದ್ರೆ ಒಳಗಿನ ಗುಟ್ಟು ಏನಂದ್ರೆ ಬಹಳಷ್ಟು ಗಾಡಿ ಫಿಲಡೆಲ್ಫಿಯಾದಿಂದ ಸೆಕೆಂಡ್ ಹ್ಯಾಂಡ್ ತಂದಿದ್ದು, ಮೈ ಫಿಲಡೆಲ್ಫಿಯಾದ್ದು ಸೀರೆ ಮಾತ್ರ ಬೋಸ್ಟನ್ದು. 1040 ಅನ್ನೋ ನಂಬರಿಂದು ಇದೇ ಊರಿನ ಕೂಸು, 1952ರದ್ದು, ಅಮೆರಿಕದಲ್ಲಿ ತಯಾರಾದ ಕೊಟ್ಟ ಕೊನೇ ಪಿಸಿಸಿ ಅದು. ಅದು ಸಿಕ್ರೆ ನಿಮ್ಮ ಅದೃಷ್ಟ.

ಕಂಫರ್ಟ್ ವಿಷಯ ನೇರವಾಗಿ ಹೇಳ್ತೀನಿ. ಎಸಿ ಇಲ್ಲ. ಮೆಟ್ಲು ಎತ್ತರ, ಮಂಡಿ ನೋವಿರೋರಿಗೆ ಕಷ್ಟ, ಅಪ್ಪಯ್ಯಂಗೆ ನಾನು ಹಿಂದಿಂದ ಕೈ ಕೊಡ್ಬೇಕಾಯ್ತು (ವೀಲ್‌ಚೇರ್‌ಗೆ ಕೆಲವು ಸ್ಟಾಪಲ್ಲಿ ಎತ್ತರದ ರ‍್ಯಾಂಪ್ ಇದೆ). ಇಟಲಿಯ ಮಿಲಾನ್‌ನಿಂದ ತಂದ 1928ರ ಟ್ರಾಮ್‌ಗಳೂ ಓಡ್ತವೆ, ಅದ್ರಲ್ಲಿ ಉದ್ದಕ್ಕೆ ಮರದ ಬೆಂಚು, ನೋಡೋಕೆ ದೇವಸ್ಥಾನದ ಜಗಲಿ ಥರ ಚಂದ, ಬ್ರೇಕ್ ಹಾಕಿದಾಗ ಮಾತ್ರ ಈ ತುದಿಯಿಂದ ಆ ತುದಿಗೆ ಜಾರ್ಕೊಂಡು ಹೋಗ್ತೀರ. ಟೈಮ್ ನಂಬ್ಕೊಂಡು ಮಾತ್ರ ಫ್ಲೈಟ್ ಹಿಡಿಯೋಕೆ ಇದ್ರಲ್ಲಿ ಹೊರಡ್ಬೇಡಿ.

ಈಗ ಅಸಲು ವಿಷಯ. ಈ ಸವಾರಿ ಮಾಡ್ಬೇಕಾಗಿರೋದು ವಾರ್ಫಿಗೆ ಹೋಗೋಕಲ್ಲ, ಮಾರ್ಕೆಟ್ ಸ್ಟ್ರೀಟಿನ ಮೂಲೆಗಳಿಗೆ. ಕ್ಯಾಸ್ಟ್ರೋ ಕಡೆಯಿಂದ ಬರ್ತಾ ಎಡಗಡೆ ಕಿಟಕಿ ಹಿಡ್ಕೊಳಿ. ಯಾಕಂದ್ರೆ ಈ ರಸ್ತೆನ 1847ರಲ್ಲಿ ಜಾಸ್ಪರ್ ಓಫಾರೆಲ್ ಅನ್ನೋ ಸರ್ವೇಯರು 120 ಅಡಿ ಅಗಲ ಇಟ್ಟು ಊರಿನ ಉತ್ತರದ ಬೀದಿಗಳಿಗೆ ಓರೆಯಾಗಿ ಎಳೆದ, ಅದಕ್ಕೇ ಎಡಗಡೆ ಬೀದಿಗಳು ನೇರವಾಗಿ ಬಂದು ಕೂಡಲ್ಲ, ಓರೆಯಾಗಿ ಬಂದು ಚೂಪಾಗಿ ತಾಗ್ತವೆ, ಪ್ರತಿ ಕಡೆ ತ್ರಿಕೋನದ ಮೂಲೆ, ಆ ಮೂಲೆಲಿ ಹಡಗಿನ ಮೂತಿ ಥರದ ಬಿಲ್ಡಿಂಗು. ಪವೆಲ್ ಮೂಲೆಲಿ ಫ್ಲಡ್ ಬಿಲ್ಡಿಂಗ್, 1904ರದ್ದು, ಎರಡೇ ವರ್ಷಕ್ಕೆ ಭೂಕಂಪ ಆಗಿ ಸುತ್ತೆಲ್ಲ ಸುಟ್ಟು ಬೂದಿ ಆದ್ರೂ ಇದು ನಿಂತ್ಕೊಂಡಿತ್ತು. ಅದರ ಮುಂದೇನೇ ಕೇಬಲ್ ಕಾರನ್ನ ಕೈಯಲ್ಲಿ ತಳ್ಳಿ ತಿರುಗಿಸೋ ಮರದ ಚಕ್ರ. ಇನ್ನೂ ಮುಂದೆ ಗೇರಿ, ಕರ್ನಿ ಬೀದಿಗಳು ಮಾರ್ಕೆಟ್ಟಿಗೆ ಕೂಡೋ ಕಡೆ ಲೋಟಾಸ್ ಫೌಂಟನ್ ಅಂತ ಒಂದು ಎರಕದ ಕಂಬ, ಲೋಟಾ ಕ್ರಾಬ್‌ಟ್ರೀ ಅನ್ನೋ ನಾಟಕದ ನಟಿ 1875ರಲ್ಲಿ ಊರಿಗೆ ಕೊಟ್ಟಿದ್ದು. 1906ರ ಭೂಕಂಪ ಆದ್ಮೇಲೆ ಕಳೆದು ಹೋದವರನ್ನ ಹುಡುಕ್ಕೊಂಡು ಜನ ಸೇರ್ತಿದ್ದಿದ್ದು ಇಲ್ಲೇ, ಇವತ್ತಿಗೂ ಪ್ರತಿ ಏಪ್ರಿಲ್ 18ಕ್ಕೆ ಬೆಳಗ್ಗೆ 5:12ಕ್ಕೆ ಸೇರ್ತಾರೆ. ಟೂರ್ ಬಸ್ಸಲ್ಲಿ ಇದೇ ಕಂಬದ ಪಕ್ಕ ಹೋಗಿದ್ವಿ, ನಮಗೆ ಅದು ಲೈಟ್ ಕಂಬ ಅನ್ಸಿತ್ತು!

ಅಪ್ಪಯ್ಯ ಬಿಲ್ಡಿಂಗ್ ನೋಡ್ಲಿಲ್ಲ. ಗಾಡಿ ಮೂಲೆ ಹತ್ರ ನಿಧಾನ ಆದಾಗೆಲ್ಲ ಕಣ್ಣು ಮುಚ್ಚಿ ಹಳಿ ಕ್ರಾಸಿಂಗ್ ಮೇಲೆ ಚಕ್ರ ಬಡಿಯೋ ಶಬ್ದ ಕೇಳ್ತಿದ್ರು. "ಇದೇ ಶಬ್ದ ಮಾರಾಯ, ಇದೇ" ಅಂತ ನನ್ನ ತೊಡೆ ಹಿಸುಕಿದ್ರು.

ಸ್ಟುವರ್ಟ್ ಸ್ಟ್ರೀಟ್ ಸ್ಟಾಪಲ್ಲಿ ಇಳೀರಿ, ದೋಣಿ ಬರೋ ಫೆರಿ ಬಿಲ್ಡಿಂಗ್ ಎದುರಿಗೆ. ಅಲ್ಲೇ ಸ್ಯಾನ್ ಫ್ರಾನ್ಸಿಸ್ಕೋ ರೈಲ್ವೇ ಮ್ಯೂಸಿಯಂ, ಎಂಟ್ರಿ ಫ್ರೀ, 2006ರಲ್ಲಿ ಶುರುವಾಗಿದ್ದು. ಮ್ಯೂಸಿಯಂ ಅಂದ್ರೆ ದೊಡ್ಡದೇನಲ್ಲ, ನಮ್ಮೂರ ಸೊಸೈಟಿ ಬ್ಯಾಂಕಿನಷ್ಟು ಜಾಗ, ಅರ್ಧ ಗಂಟೇಲಿ ಮುಗಿಯುತ್ತೆ. ಆದ್ರೆ 1911ರ ಟ್ರಾಮಿನ ಡ್ರೈವರ್ ನಿಲ್ಲೋ ಜಾಗನ ಅಷ್ಟೇ ಅಳತೆಗೆ ಮಾಡಿ ಇಟ್ಟಿದಾರೆ, ಮಕ್ಕಳು ಹಿಡಿ ತಿರುಗಿಸ್ಬೋದು (78 ವರ್ಷದ ಮಕ್ಕಳೂ). ಅಪ್ಪಯ್ಯ ಅಲ್ಲಿ ನಿಂತ್ಕೊಂಡು ಕಾಲಲ್ಲಿ ನೆಲ ಕುಟ್ಟಿ ಠಣ್ ಠಣ್ ಅಂದ್ರು, ಮುಂಬೈ ಡ್ರೈವರ್‌ಗಳು ಹಂಗೆ ಕಾಲಲ್ಲೇ ಗಂಟೆ ಹೊಡೀತಿದ್ರಂತೆ. ಅದನ್ನ ನೋಡಿ ಅಲ್ಲೇ ಫೋಟೋ ನೋಡ್ತಾ ನಿಂತಿದ್ದ ಒಬ್ರು ಬಿಳಿ ಕೂದಲಿನ ಅಜ್ಜ ನಗಾಡ್ಕೊಂಡು ಬಂದ್ರು, ಈ ಟ್ರಾಮ್ ಹುಚ್ಚಿನವ್ರು ಇರ್ತಾರಲ್ಲ, ಟೋಪಿ ತುಂಬಾ ಬ್ಯಾಡ್ಜು.

ಅವ್ರು ಹೇಳಿದ್ದು ಕೇಳಿದ್ಮೇಲೆ ನನಗೆ ಆ ರಸ್ತೆ ಬೇರೆ ಥರಾನೇ ಕಾಣೋಕೆ ಶುರುವಾಯ್ತು. ಮಾರ್ಕೆಟ್ ಸ್ಟ್ರೀಟಲ್ಲಿ ಒಂದು ಕಾಲಕ್ಕೆ ಎರಡಲ್ಲ, ನಾಕು ಹಳಿ ಇತ್ತು, ಒಳಗಿನ ಎರಡು ಖಾಸಗಿ ಕಂಪನಿದು, ಹೊರಗಿನ ಎರಡು ಊರಿನ ಸ್ವಂತದ್ದು, ಮ್ಯುನಿ ಅಂತಾರಲ್ಲ, 1912ರಲ್ಲಿ ಶುರುವಾಗಿದ್ದು. ಒಂದೇ ರಸ್ತೇಲಿ ಇಬ್ಬರು ಸವತಿಯರು ಪೈಪೋಟಿ ಮೇಲೆ ಓಡಿಸೋರು, 1944ರಲ್ಲಿ ಮ್ಯುನಿನೇ ಇನ್ನೊಂದನ್ನ ಕೊಂಡ್ಕೊಂಡ್ತು. ನಾಕು ಹಳಿ ಮೇಲೆ ಒಟ್ಟಿಗೆ ಗಾಡಿ ಬಂದಾಗ ಆಗೋ ಗದ್ದಲನ ಹಳಬರು ನಾಕರ ಗರ್ಜನೆ ಅಂತಿದ್ರಂತೆ. ಅಜ್ಜ ಚಿಕ್ಕೋರಿದ್ದಾಗ 1914ರ ಕಾಲದ ದೊಡ್ಡ ಟ್ರಾಮ್‌ಗಳು ಇನ್ನೂ ಓಡ್ತಿದ್ವು, ಅವಕ್ಕೆ ಕಬ್ಬಿಣದ ರಾಕ್ಷಸ ಅಂತ ಅಡ್ಡಹೆಸರು. ಅಮ್ಮನ ಕೈ ಹಿಡ್ಕೊಂಡು ಫಿಫ್ತ್ ಸ್ಟ್ರೀಟ್ ಮೂಲೆಲಿ ಇಳಿದು ಎಂಪೋರಿಯಂ ಅನ್ನೋ ದೊಡ್ಡ ಅಂಗಡಿಗೆ ಹೋಗೋದು, ಕ್ರಿಸ್‌ಮಸ್ ಟೈಮಲ್ಲಿ ಅದರ ತಾರಸಿ ಮೇಲೆ ಜಾಯಿಂಟ್ ವೀಲು ಆಟ ಎಲ್ಲ ಇರ್ತಿತ್ತಂತೆ, ತಾರಸಿ ಅಂಚಿಂದ ಕೆಳಗೆ ನೋಡಿದ್ರೆ ಟ್ರಾಮುಗಳು ಇರುವೆ ಸಾಲಿನ ಥರ. ಆ ಅಂಗಡಿ 1996ರಲ್ಲಿ ಮುಚ್ಚೋಯ್ತು, ಮುಂಭಾಗದ ಗೋಡೆ ಮತ್ತೆ ಒಳಗಿನ ಗಾಜಿನ ಗುಮ್ಮಟ ಮಾತ್ರ ಉಳಿಸ್ಕೊಂಡು ಮಾಲ್ ಕಟ್ಟಿದ್ರು. ಅಜ್ಜ ಮಾತ್ರ ಈಗ್ಲೂ "ಎಂಪೋರಿಯಂ ಹತ್ರ ಇಳಿದೆ" ಅಂತಾನೇ ಹೇಳೋದು. ನಾನು ಇದನ್ನ ಕನ್ನಡದಲ್ಲಿ ಹೇಳಿದ ತಕ್ಷಣ ಅಪ್ಪಯ್ಯ "ದಾದರ್ ಟಿಟಿ ಹಂಗೇ" ಅಂದ್ರು.

ಅಲ್ಲಿಂದ ಇಬ್ಬರ ಮಧ್ಯೆ ನಾನು ಟ್ರಾನ್ಸ್‌ಲೇಟರ್. ಒಂದ್ ಗಂಟೆ! ಇವ್ರು ಡಬಲ್ ಡೆಕರ್ ಟ್ರಾಮಿನ ಮೇಲ್ಗಡೆ ಕೂತ್ರೆ ಮಳೆಗಾಲದಲ್ಲಿ ಹೆಂಗೆ ಅಂತ ಹೇಳೋದು, ಅವ್ರು ಫೆರಿ ಬಿಲ್ಡಿಂಗ್ ಮುಂದೆ ಟ್ರಾಮುಗಳು ಸುತ್ತು ಹೊಡ್ಕೊಂಡು ವಾಪಸ್ ಹೋಗ್ತಿದ್ದಿದ್ದನ್ನ ಹೇಳೋದು, ಸೇತುವೆಗಳು 1936, 37ರಲ್ಲಿ ಆಗೋವರೆಗೂ ಆಚೆ ದಡದ ಜನ ಎಲ್ಲ ದೋಣಿಲಿ ಬಂದು ಇಲ್ಲೇ ಟ್ರಾಮ್ ಹಿಡೀಬೇಕಿತ್ತು ಅಂತ. ಆಮೇಲೆ ಟ್ರಾಮ್ ಎಲ್ಲ ಸುರಂಗಕ್ಕೆ ಇಳಿದು 1982ರಲ್ಲಿ ರಸ್ತೆ ಮೇಲಿನದ್ದು ನಿಂತೋಯ್ತು. ಅದೇ ಹೊತ್ತಿಗೆ ಕೇಬಲ್ ಕಾರು ರಿಪೇರಿಗೆ ಅಂತ ಬಂದ್ ಆಗಿ, ಟೂರಿಸ್ಟ್‌ಗಳಿಗೆ ಏನಾದ್ರೂ ತೋರಿಸ್ಬೇಕಲ್ಲ ಅಂತ 1983ರ ಬೇಸಿಗೇಲಿ ಹಳೇ ಟ್ರಾಮ್‌ಗಳ ಹಬ್ಬ ಮಾಡಿದ್ರು, ಜನ ಮುಗಿಬಿದ್ರು, ಅದರ ಬಲದ ಮೇಲೆ 1995ರಲ್ಲಿ ಎಫ್ ಲೈನ್ ಕಾಯಂ ಆಯ್ತು, 2000ದಲ್ಲಿ ವಾರ್ಫ್‌ವರೆಗೂ ಹಳಿ ಹೋಯ್ತು. ಅಪ್ಪಯ್ಯಂಗೆ ಇದೊಂದೇ ನಂಬೋಕಾಗ್ಲಿಲ್ಲ, "ಕಿತ್ತು ಹಾಕಿದ್ದನ್ನ ವಾಪಸ್ ತಂದ್ರಾ?" ಅಂತ ಎರಡು ಸಲ ಕೇಳಿದ್ರು.

ರೇಟಿಂಗ್ ಕೇಳಿದ್ರೆ ಐದಕ್ಕೆ ನಾಕೂವರೆ. ಅರ್ಧ ಕಟ್ ಮಾಡಿದ್ದು ಆ ಮೆಟ್ಲಿಗೆ. ಮ್ಯೂಸಿಯಂ ತೆರೆದಿರೋ ದಿನ ಮೊದ್ಲೇ ನೋಡ್ಕೊಳಿ, ಜರ್ಕಿನ್ ತಗೊಂಡೋಗಿ, ಬೇಸಿಗೆ ಅಂತ ನಂಬ್ಬೇಡಿ, ಬಾತ್‌ರೂಮಿಗೆ ಫೆರಿ ಬಿಲ್ಡಿಂಗ್ ಬೆಸ್ಟು. ಕಾಫಿನೂ ಅಲ್ಲೇ ಸಿಗುತ್ತೆ, ಅಪ್ಪಯ್ಯ ಬೆಲೆ ಕೇಳಿ ಕುಡೀಲಿಲ್ಲ.

ಇಂಗ್ಲೆಂಡಿನ ಬ್ಲ್ಯಾಕ್‌ಪೂಲ್‌ನಿಂದ ತಂದ ದೋಣಿ ಆಕಾರದ ಟ್ರಾಮೂ ಇದೆ, 1934ರದ್ದು, ಮೇಲೆ ಛಾವಣಿನೇ ಇಲ್ಲ, ಹವಾ ಚೆನ್ನಾಗಿರೋ ಕೆಲವು ದಿನ ಮಾತ್ರ ಹೊರಗೆ ತರ್ತಾರೆ. ಅವತ್ತು ಅದು ಬರ್ಲಿಲ್ಲ. ಅಪ್ಪಯ್ಯ ಡೈರಿಲಿ 1059ರ ಕೆಳಗೆ ಅಜ್ಜ ಹೇಳಿದ ಅದರ ನಂಬರ್ 228 ಬರ್ಕೊಂಡು ಪಕ್ಕದಲ್ಲಿ "ಬಾಕಿ" ಅಂತ ಹಾಕಿದಾರೆ, ಹೋಟ್ಲಲ್ಲಿ ಸಾಲದ ಗಿರಾಕಿಗೆ ಹಾಕ್ತಿದ್ದ ಥರ. ವೀಸಾ ಸೆಪ್ಟೆಂಬರ್‌ವರೆಗೂ ಇದೆ, ದಿನಾ ಬೆಳಗ್ಗೆ ಎದ್ದು ಕಿಟಕಿಯಿಂದ ಮೋಡ ನೋಡ್ತಾರೆ.