ರೆಮಿಂಗ್ಟನ್ 700ಕ್ಕೆ ಟಿಮ್ನಿ 510: ಬಿಗಿ ಟ್ರಿಗರ್ ಬದಲಿಸುವ ಮುನ್ನ

ಗುರಿ ಹಿಡಿಯುವ ದೂರದರ್ಶಕ, ಅಂದರೆ ಸ್ಕೋಪ್ ಕೂರಿಸದ ರೆಮಿಂಗ್ಟನ್ 700 ರೈಫಲ್‌ನ ತೂಕ ಹೆಚ್ಚುಕಡಿಮೆ ಏಳೂವರೆ ಪೌಂಡ್. ಅದರ ಟ್ರಿಗರ್ ಬಿಡಲು ಆರು ಪೌಂಡ್ ಎಳೆಯಬೇಕಾಗಿ ಬಂದರೆ ಟ್ರಿಗರ್‌ಗಿಂತ ಮೊದಲು ಕೋವಿಯೇ ಪಕ್ಕಕ್ಕೆ ಜರುಗುತ್ತದೆ. ಬೆಂಚಿನ ಮೇಲೆ ಮರಳುಚೀಲ ಇಟ್ಟು ಹೊಡೆಯುವಾಗ ಇದು ಗೊತ್ತಾಗುವುದಿಲ್ಲ. ಮರಕ್ಕೆ ಒರಗಿ, ಉಸಿರು ಬಿಗಿಹಿಡಿದು ಜಿಂಕೆಯ ಭುಜಕ್ಕೆ ಗುರಿ ಇಟ್ಟಾಗ ಗೊತ್ತಾಗುತ್ತದೆ. ಅಮೆರಿಕದಲ್ಲಿ ಈ ರೈಫಲ್ ಇಟ್ಟುಕೊಂಡವರು ದುಬಾರಿ ಸ್ಕೋಪ್‌ಗೆ ಮೊದಲು ಟ್ರಿಗರ್ ಬದಲಿಸುವುದು ಇದೇ ಕಾರಣಕ್ಕೆ, ಮತ್ತು ಅದು ಸರಿಯಾದ ಲೆಕ್ಕವೇ. ಹಾಗೆ ಹಾಕಿಕೊಳ್ಳುವ ಬದಲಿ ಟ್ರಿಗರ್‌ಗಳಲ್ಲೊಂದು ಟಿಮ್ನಿ 510.

ಬಿಗಿ ಎಂದು ದೂರುವಾಗ ನಿಜವಾಗಿ ಕಾಡುತ್ತಿರುವುದು ಏನು ಎಂದು ಮೊದಲು ನೋಡಬೇಕು. ಮೂರು ಬೇರೆ ಬೇರೆ ರೋಗಗಳಿವೆ. ಒಂದು, ಎಳೆತದ ಭಾರ; ಇದು ಸ್ಪ್ರಿಂಗ್‌ನ ಕೆಲಸ. ಎರಡು, ಬಿಡುವ ಮುನ್ನ ಟ್ರಿಗರ್ ಕೆರೆಕೆರೆ ಎನ್ನುತ್ತ ಜಾರುವುದು. ಗುಂಡಿಗೆ ಬಡಿಯುವ ಫೈರಿಂಗ್ ಪಿನ್ನನ್ನು ತಡೆದು ಹಿಡಿದು, ಟ್ರಿಗರ್ ಎಳೆದಾಗ ಬಿಡುವ ಸಿಯರ್ ಎಂಬ ತುಂಡಿನ ಅಂಚು ಒರಟಾಗಿದ್ದರೆ ಅಥವಾ ಹಿಡಿತ ಹೆಚ್ಚು ಆಳವಾಗಿದ್ದರೆ ಹೀಗಾಗುತ್ತದೆ. ಮೂರು, ಈಡು ಬಿಟ್ಟ ಮೇಲೂ ಟ್ರಿಗರ್ ಹಿಂದಕ್ಕೆ ಓಡುವುದು. ನಾಲ್ಕು ಪೌಂಡಿನ ಟ್ರಿಗರ್ ಗಾಜಿನ ಕಡ್ಡಿಯಂತೆ ಪಟ್ ಎಂದು ಮುರಿದರೆ ಬೆರಳಿಗೆ ಹಗುರವೇ ಅನ್ನಿಸುತ್ತದೆ. ಜಾರಾಟವಿರುವ ಮೂರು ಪೌಂಡು ಅದಕ್ಕಿಂತ ಭಾರ ಅನ್ನಿಸುತ್ತದೆ. ಹಾಗಾಗಿ ಸ್ಪ್ರಿಂಗ್ ಒಂದನ್ನೇ ಬದಲಿಸಿ ಕೈತೊಳೆದುಕೊಂಡರೆ ಅರ್ಧ ಕಾಯಿಲೆ ಉಳಿದುಕೊಳ್ಳುತ್ತದೆ.

700 ಮಾರುಕಟ್ಟೆಗೆ ಬಂದದ್ದು 1962ರಲ್ಲಿ. ಅದರ ಹಳೆಯ ವಾಕರ್ ಟ್ರಿಗರ್‌ನಲ್ಲಿ ಟ್ರಿಗರ್‌ಗೂ ಸಿಯರ್‌ಗೂ ನಡುವೆ ಕನೆಕ್ಟರ್ ಎಂಬ ಬಿಡಿ ತುಂಡು ಇದೆ. ಸ್ಪ್ರಿಂಗ್‌ನ ಒತ್ತಡ ಬಿಟ್ಟರೆ ಅದನ್ನು ಹಿಡಿದಿರುವುದು ಬೇರೇನೂ ಇಲ್ಲ. ಆ ಸಂದಿಗೆ ಕಸವೋ ಅಂಟಾದ ಎಣ್ಣೆಯೋ ಸೇರಿದರೆ ತುಂಡು ತನ್ನ ಜಾಗಕ್ಕೆ ಪೂರ್ತಿ ಮರಳುವುದಿಲ್ಲ, ಸೇಫ್ಟಿ ತೆಗೆದ ಕೂಡಲೇ ಈಡು ಹಾರಬಹುದು ಎಂಬುದು ಅದರ ಮೇಲಿನ ದೊಡ್ಡ ಆಕ್ಷೇಪ. ಆಮೇಲೆ ಬಂದ ಎಕ್ಸ್-ಮಾರ್ಕ್ ಪ್ರೋ ಎಂಬ ಟ್ರಿಗರ್‌ನಲ್ಲಿ ಕನೆಕ್ಟರ್ ಇಲ್ಲ. ಆದರೆ 2006ರ ಮೇ 1ರಿಂದ 2014ರ ಏಪ್ರಿಲ್ 9ರವರೆಗೆ ತಯಾರಾದ ಎಕ್ಸ್-ಮಾರ್ಕ್ ಪ್ರೋ ರೈಫಲ್‌ಗಳನ್ನು ಕಂಪನಿಯೇ ವಾಪಸ್ ಕರೆಯಿತು. ಜೋಡಿಸುವಾಗ ಹಾಕಿದ ಅಂಟು ಹೆಚ್ಚಾದದ್ದು ಕಾರಣ. ಈ ಅಂಟಿನ ವಿಚಾರ ನೆನಪಿರಲಿ, ಮುಂದೆ ಮತ್ತೆ ಬರುತ್ತದೆ. ಹಳೆಯ ವಾಕರ್ ಟ್ರಿಗರ್‌ಗೆ ಅರ ಹಾಕಿ, ಪಾಲಿಶ್ ಮಾಡಿ ಹಗುರ ಮಾಡಲು ಹೋಗಬೇಡಿ. ಗಟ್ಟಿಗೊಳಿಸಿದ ಮೇಲ್ಪದರ ಸವೆದರೆ ಇವತ್ತು ನಯವಾಗಿದ್ದದ್ದು ನಾಳೆ ಜಾರುತ್ತದೆ.

ಟಿಮ್ನಿ 1946ರಿಂದ ಟ್ರಿಗರ್ ಮಾಡುತ್ತಿರುವ ಕಂಪನಿ, ಈಗ ಅರಿಜೋನಾದಲ್ಲಿದೆ. 510 ಅಂದರೆ ಅಲ್ಯೂಮಿನಿಯಂ ಕವಚ, ಗಟ್ಟಿ ಉಕ್ಕಿನ ಸಿಯರ್ ಮತ್ತು ಟ್ರಿಗರ್, ಜೊತೆಗೆ ಅದರದೇ ಸೇಫ್ಟಿ. ಕಾರ್ಖಾನೆಯಿಂದ ಸುಮಾರು 3 ಪೌಂಡ್‌ಗೆ, ಅಂದರೆ 1.36 ಕಿಲೋಗೆ ಕೂರಿಸಿ ಕಳುಹಿಸುತ್ತಾರೆ. ಒಂದೂವರೆಯಿಂದ ನಾಲ್ಕು ಪೌಂಡ್‌ವರೆಗೆ ತಿರುಗಿಸಬಹುದು. ಬೆಲೆ 150 ಡಾಲರ್ ಆಸುಪಾಸು. ಗುಂಡು ತುಂಬಲು ಹಿಂದೆ ಮುಂದೆ ಎಳೆಯುವ ಬೋಲ್ಟ್ ಎಡಬದಿಗೆ ಇದ್ದವರು ಎಡಗೈ ಮಾದರಿಯನ್ನೇ ಕೇಳಬೇಕು. ರೆಮಿಂಗ್ಟನ್ 783 ಬೇರೆಯೇ ಜಾತಿ, ಇದು ಅದಕ್ಕೆ ಕೂರುವುದಿಲ್ಲ.

ಬೇಕಾದ ಸಾಮಾನು ಕಡಿಮೆ: ಸುಮಾರು 3 ಮಿ.ಮೀ. ಪಂಚ್, ಸಣ್ಣ ಸುತ್ತಿಗೆ, ಹಿತ್ತಾಳೆಯದಾದರೆ ಒಳ್ಳೆಯದು, ಸ್ಕ್ರೂಗೆ ಸರಿಯಾಗಿ ಕೂರುವ ಡ್ರೈವರ್, ಅಲೆನ್ ಕೀ, ಎಳೆತ ಅಳೆಯುವ ಗೇಜ್. ಮೊದಲು ಮ್ಯಾಗಜೀನ್ ಖಾಲಿ ಮಾಡಿ, ಚೇಂಬರ್‌ಗೆ ಕಣ್ಣೂ ಕಿರುಬೆರಳೂ ಹಾಕಿ ನೋಡಿ, ಬೋಲ್ಟ್ ಹೊರತೆಗೆಯಿರಿ. ಗುಂಡಿನ ಡಬ್ಬಿ ಆ ಕೋಣೆಯಲ್ಲೇ ಇರಬಾರದು. ಭುಜಕ್ಕೆ ಒತ್ತುವ ಹಿಡಿಕೆಯ ಭಾಗವಾದ ಸ್ಟಾಕ್‌ನಿಂದ, ಬೋಲ್ಟ್ ಓಡಾಡುವ ಉಕ್ಕಿನ ಭಾಗವಾದ ಆಕ್ಷನ್ ಬಿಡಿಸಿದರೆ ಟ್ರಿಗರ್ ಎರಡು ಅಡ್ಡ ಪಿನ್ನುಗಳ ಮೇಲೆ ತೂಗಾಡುವುದು ಕಾಣುತ್ತದೆ. ಪಿನ್ನು ತಟ್ಟುವ ಮುನ್ನ ಎರಡೂ ಬದಿಯ ಫೋಟೋ ತೆಗೆದಿಟ್ಟುಕೊಳ್ಳಿ. ಬೋಲ್ಟ್ ಹಿಂದಕ್ಕೆ ಜಾರಿ ಹೊರಬೀಳದಂತೆ ತಡೆಯುವ ಬೋಲ್ಟ್ ಸ್ಟಾಪ್ ಮತ್ತು ಅದರ ಪುಟಾಣಿ ಸ್ಪ್ರಿಂಗ್ ಕೂಡ ಅಲ್ಲೇ ಪಿನ್ನಿಗೆ ಸಿಕ್ಕಿಕೊಂಡಿರುತ್ತವೆ. ಮೊದಲ ಸಲ ಮಾಡುವವರು ಸಂಜೆಯಿಡೀ ನೆಲದ ಮೇಲೆ ಹುಡುಕುವುದು ಇದೇ ಸ್ಪ್ರಿಂಗನ್ನು. ಹೊಸ ಟ್ರಿಗರ್ ಇಟ್ಟು ಪಿನ್ನನ್ನು ಬೆರಳಿನಿಂದ ಮೊದಲು ಸೇರಿಸಿ, ರಂಧ್ರ ನೇರವಾದ ಮೇಲೆ ಮಾತ್ರ ತಟ್ಟಿ.

ತೊಂದರೆ ಶುರುವಾಗುವುದು ಆಕ್ಷನ್ ಮತ್ತೆ ಸ್ಟಾಕ್‌ಗೆ ಇಳಿಸುವಾಗ. ಕವಚವೋ ಸೇಫ್ಟಿ ಲಿವರೋ ಕೊರೆದ ಜಾಗಕ್ಕೆ ತಾಗಿದರೆ ಸೇಫ್ಟಿ ಅರ್ಧಕ್ಕೆ ನಿಲ್ಲುತ್ತದೆ. ಟ್ರಿಗರ್ ನಾಲಿಗೆ ಗಾರ್ಡ್‌ನ ಸೀಳಿಗೆ ಉಜ್ಜಿದರೆ ಮುಂದಕ್ಕೆ ಪೂರ್ತಿ ಮರಳುವುದಿಲ್ಲ, ಸಿಯರ್ ಹಿಡಿಯುವುದಿಲ್ಲ, ಬೋಲ್ಟ್ ಮುಚ್ಚುತ್ತಿದ್ದಂತೆ ಫೈರಿಂಗ್ ಪಿನ್ ಅದರ ಹಿಂದೆಯೇ ಬಂದುಬಿಡುತ್ತದೆ. ಜನ ಟ್ರಿಗರ್ ಕೆಟ್ಟಿದೆ ಎಂದು ವಾಪಸ್ ಕಳುಹಿಸುತ್ತಾರೆ. ಎಷ್ಟೋ ಸಲ ತಪ್ಪು ಸ್ಟಾಕ್‌ನದು. ತಾಗುವ ಜಾಗಕ್ಕೆ ಲಿಪ್‌ಸ್ಟಿಕ್ ಸವರಿ ಗುರುತು ನೋಡಿ, ಕೆತ್ತಬೇಕಾದದ್ದು ಸ್ಟಾಕನ್ನು, ಟ್ರಿಗರನ್ನು ಎಂದೂ ಅಲ್ಲ. ಕೋವಿಯ ಹಿಂತುದಿ ನೆಲಕ್ಕೆ ಊರಿ ನಿಲ್ಲಿಸಿ, ಮುಂದಿನ ಸ್ಕ್ರೂ ಮೊದಲು, ಹಿಂದಿನದು ಆಮೇಲೆ. ಮರ ಅಥವಾ ಪ್ಲಾಸ್ಟಿಕ್ ಸ್ಟಾಕ್‌ಗೆ 40 ಇಂಚು-ಪೌಂಡ್ ಸುಮಾರಿಗೆ ಸಾಕು, ಅಂದರೆ ನಾಲ್ಕೂವರೆ ನ್ಯೂಟನ್-ಮೀಟರ್. ಅಲ್ಯೂಮಿನಿಯಂ ಕಂಬ ಕೂರಿಸಿದ ಸ್ಟಾಕ್ ಇನ್ನೂ ಹೆಚ್ಚು ತಾಳುತ್ತದೆ.

ಭಾರ ಹೊಂದಿಸುವಾಗ ಮೂರು ಸ್ಕ್ರೂ ಎದುರಾಗುತ್ತವೆ. ಸ್ಪ್ರಿಂಗ್‌ನ ಸ್ಕ್ರೂ ಮುಟ್ಟಬಹುದು, ಕಾಲು ಸುತ್ತಿನಂತೆ ತಿರುಗಿಸಿ ಪ್ರತಿ ಸಲ ಅಳೆಯಿರಿ. ಅತಿ ಓಟ ತಡೆಯುವ ಸ್ಕ್ರೂ ಬಹಳ ಒಳಗೆ ಹೋದರೆ ಸಿಯರ್ ಬಿಡುವುದೇ ಇಲ್ಲ. ಸಿಯರ್ ಹಿಡಿತದ ಸ್ಕ್ರೂವನ್ನು ಕಾರ್ಖಾನೆ ಇಟ್ಟಂತೆಯೇ ಬಿಡಿ. ಅಲ್ಲಿ ಕೂದಲೆಳೆಯಷ್ಟು ಹಿಡಿತ ಕಡಿಮೆಯಾದರೂ ತಟ್ಟಿದರೆ ಬಿಡುವ ಟ್ರಿಗರ್ ಆಗುತ್ತದೆ. ಗೇಜ್‌ನ ಕೊಕ್ಕೆ ನಾಲಿಗೆಯ ನಡುವೆ ಇರಲಿ, ತುದಿಗೆ ಇಟ್ಟರೆ ಅಳತೆ ಕಡಿಮೆ ತೋರಿಸುತ್ತದೆ. ಹತ್ತು ಸಲ ಎಳೆದು ಸರಾಸರಿ ತೆಗೆಯಿರಿ. ಒಂದೂವರೆ ಪೌಂಡ್ ಗುರಿಪಟದವರಿಗೆ. ಗ್ಲೌಸ್ ಹಾಕಿ, ಚಳಿಗೆ ಮರಗಟ್ಟಿದ ಬೆರಳಿನಲ್ಲಿ ಬೇಟೆಗೆ ಹೋಗುವವರಿಗೆ ಎರಡೂವರೆಗಿಂತ ಕೆಳಗೆ ಇಳಿಸುವುದು ದುಸ್ಸಾಹಸ. ಬಂದಂತೆ ಮೂರಕ್ಕೇ ಬಿಟ್ಟರೆ ನಷ್ಟವೇನಿಲ್ಲ.

ಸ್ಕ್ರೂ ಅಲುಗದಿರಲು ಉಗುರುಬಣ್ಣದ ಒಂದು ಚುಕ್ಕೆ ಹೊರಗಿನಿಂದ ಸಾಕು. ಸ್ಕ್ರೂವಿನ ಸುರುಳಿಗೆ ಹಾಕುವ ಅಂಟನ್ನು ಧಾರಾಳವಾಗಿ ಸುರಿದರೆ ಅದು ಸಿಯರ್‌ಗೆ ಇಳಿಯುತ್ತದೆ. ಎಕ್ಸ್-ಮಾರ್ಕ್‌ಗೆ ಬಂದ ಗತಿಯನ್ನು ಮನೆಯಲ್ಲೇ ಮಾಡಿಕೊಂಡಂತೆ.

ಪರೀಕ್ಷೆ ಖಾಲಿ ಚೇಂಬರ್‌ನಲ್ಲಿ. ಬೋಲ್ಟನ್ನು ಇಪ್ಪತ್ತು ಸಲ ರಭಸದಿಂದ ಮುಚ್ಚಿ, ಒಂದು ಸಲವೂ ಬಿಡಬಾರದು. ಕಾಕ್ ಮಾಡಿ, ಹಿಂತುದಿಯನ್ನು ರಬ್ಬರ್ ಚಾಪೆಗೆ ಕುಟ್ಟಿ. ಸೇಫ್ಟಿ ಹಾಕಿ, ಟ್ರಿಗರ್ ಬಲವಾಗಿ ಎಳೆದು, ಬೆರಳು ತೆಗೆದು, ಸೇಫ್ಟಿ ಬಿಡಿ. ಆಗ ಕಟ್ ಎಂಬ ಸದ್ದು ಬಂದರೆ ಆ ಕೋವಿ ಮನೆ ಬಿಟ್ಟು ಹೊರಡಬಾರದು. ಎಲ್ಲವೂ ಸರಿಯಿದ್ದರೂ ಆಕ್ಷನ್ ಬಿಚ್ಚಿ ಜೋಡಿಸಿದ ಮೇಲೆ ಗುರಿ ಕದಲಿರುತ್ತದೆ, ನೂರು ಗಜದಲ್ಲಿ ಮತ್ತೆ ಝೀರೋ ಮಾಡಲೇಬೇಕು, ಅಂದರೆ ಗುರಿ ಇಟ್ಟಲ್ಲೇ ಗುಂಡು ಬೀಳುವಂತೆ ಹೊಂದಿಸಬೇಕು.

ಇದೇ ಬೆಲೆಯ ಸಾಲಿನಲ್ಲಿ ಕೆನಡಾದ ಟ್ರಿಗರ್‌ಟೆಕ್ ಪ್ರೈಮರಿ ಇದೆ. ಸಿಯರ್ ನಡುವೆ ಉರುಳೆ ಇಟ್ಟು ಉಜ್ಜಾಟವನ್ನೇ ಕಡಿಮೆ ಮಾಡಿದ್ದಾರೆ, ಭಾರದ ಸ್ಕ್ರೂ ಕ್ಲಿಕ್ ಕ್ಲಿಕ್ ಎಂದು ತಿರುಗುತ್ತದೆ. ಬಿಡುಗಡೆಯ ನಯದಲ್ಲಿ ಅದಕ್ಕೆ ಒಂದು ಕೂದಲಿನ ಮೇಲುಗೈ ಕೊಡಬಹುದು. ಟಿಮ್ನಿಯ ಒಳಗು ಸರಳ, ತೊಳೆಯುವುದು ಸುಲಭ. ಧೂಳು ಕೆಸರಿನ ಬೇಟೆಗೆ ಟಿಮ್ನಿಯೇ ಸರಿ. ಈಗಿನ ರೈಫಲ್‌ನಲ್ಲಿ ಮೂರೂವರೆ ಪೌಂಡಿಗೆ ಚೊಕ್ಕವಾಗಿ ಬಿಡುವ ಟ್ರಿಗರ್ ಇದ್ದವರು ಎರಡನ್ನೂ ಕೊಳ್ಳಬೇಕಿಲ್ಲ, ಆ ದುಡ್ಡಿಗೆ ಗುಂಡು ತಂದು ಅಭ್ಯಾಸ ಮಾಡಲಿ.

ಕೊಡಗಿನಲ್ಲಿ ಕೈಲ್‌ಪೊಳ್ದು ಹಬ್ಬದ ತೆಂಗಿನಕಾಯಿ ಗುರಿಗೆ ಕೋವಿ ಸಜ್ಜು ಮಾಡುವವರಿಗೆ ಒಂದು ಮಾತು: ನಮ್ಮಲ್ಲಿ ಬೇಟೆ 1972ರ ವನ್ಯಜೀವಿ ಕಾಯ್ದೆಯಿಂದ ನಿಂತಿದೆ. ಇಲ್ಲಿ ಬಿಗಿ ಟ್ರಿಗರನ್ನು ಪರವಾನಗಿ ಇರುವ ರಿಪೇರಿಯವರ ಕೈಗೇ ಕೊಡಬೇಕು.

ಕೂರಿಸಿದ ಮೇಲೆ ಟ್ರಿಗರ್‌ಗೆ ಎಣ್ಣೆ ಬಿಡಬೇಡಿ. ನಳಿಗೆಗೆ ಹಾಕಿದ ಎಣ್ಣೆಯೂ ಕೆಳಗಿಳಿಯದಂತೆ, ಒರೆಸುವಾಗ ಕೋವಿಯ ಮೂತಿ ಕೆಳಗಿರಲಿ. ಎಣ್ಣೆ ಧೂಳು ಹಿಡಿಯುತ್ತದೆ, ಹಿಮದಲ್ಲಿ ಅಂಟಿನಂತಾಗುತ್ತದೆ. ಋತುವಿಗೊಮ್ಮೆ ಸಿಗರೇಟ್ ಲೈಟರ್‌ಗೆ ತುಂಬುವ ದ್ರವದಿಂದ ತೊಳೆದು, ಬೆಂಕಿಯಿಂದ ದೂರ ಇಟ್ಟು ಒಣಗಿಸಿದರೆ ಮುಗಿಯಿತು.