ಮೈಲಿಗೆ ಇಷ್ಟು ಸೆಂಟ್ ಅಂದ ಕೂಡಲೇ ಫ್ಲಾಟ್‌ಬೆಡ್ ಕೆಲಸಕ್ಕೆ ಸಹಿ ಹಾಕಬೇಡಿ

ಅಮೆರಿಕದಲ್ಲಿ ಹೊಸದಾಗಿ ಟ್ರಕ್ ಲೈಸೆನ್ಸ್ ಮಾಡಿಸಿಕೊಂಡು ಫ್ಲಾಟ್‌ಬೆಡ್ (ಗೋಡೆ, ಚಾವಣಿ ಇಲ್ಲದ ಬಯಲು ಟ್ರೈಲರ್) ಕೆಲಸ ಹುಡುಕುತ್ತಿರುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ನಾನು ಮೊದಲು ಸೇರಿದ ಕಂಪನಿಯ ಹೆಸರು ಹೇಳುವುದಿಲ್ಲ. ಹೀಗೆ ನಡೆಸುವವರು ಅವರೊಬ್ಬರೇ ಅಲ್ಲ. ಅವರು ಲೆಕ್ಕ ಹೇಗೆ ತೋರಿಸುತ್ತಾರೆ ಅಂತ ತಿಳಿದರೆ ಸಾಕು.

ಫೋನಿನಲ್ಲಿ ಕೇಳಿದ ಮಾತು ಹೀಗಿತ್ತು: ಮೈಲಿಗೆ 55 ಸೆಂಟ್, ವಾರಕ್ಕೆ 2,500 ಮೈಲಿ. ಗುಣಿಸಿದರೆ ವಾರಕ್ಕೆ 1,375 ಡಾಲರ್. ವರ್ಷಕ್ಕೆ 70 ಸಾವಿರ ದಾಟುತ್ತದೆ. ಸರ್ಕಾರದ ಕಾರ್ಮಿಕ ಅಂಕಿಅಂಶ ಇಲಾಖೆಯ ಪ್ರಕಾರ 2024ರ ಮೇ ತಿಂಗಳಲ್ಲಿ ದೊಡ್ಡ ಟ್ರಕ್ ಓಡಿಸುವವರ ನಡುಮಟ್ಟದ ವಾರ್ಷಿಕ ವರಮಾನ 57,440 ಡಾಲರ್. ಅಂದರೆ ಅರ್ಧ ಜನ ಅದಕ್ಕಿಂತ ಕಡಿಮೆ ದುಡಿಯುತ್ತಾರೆ. ಅನುಭವಸ್ಥರನ್ನೂ ಸೇರಿಸಿಯೇ ಈ ಲೆಕ್ಕ. ಹೀಗಿರುವಾಗ ಮೊದಲ ವರ್ಷದವನಿಗೆ 70 ಸಾವಿರ ಕೊಡುತ್ತೇವೆ ಅಂದರೆ ಕಿವಿ ನೆಟ್ಟಗಾಗಬೇಕು ಅಲ್ವಾ?

ನನ್ನ ಸಂಬಳದ ಚೀಟಿಯಲ್ಲಿ ಸಾಮಾನ್ಯವಾಗಿ ಕಾಣುತ್ತಿದ್ದದ್ದು 1,700 ಮೈಲಿಯ ಆಸುಪಾಸು. ಅಂದರೆ 935 ಡಾಲರ್, ಅದೂ ತೆರಿಗೆ ಹಿಡಿಯುವ ಮೊದಲು. ಸೆಂಟ್ ವಿಷಯದಲ್ಲಿ ಅವರು ಸುಳ್ಳು ಹೇಳಿರಲಿಲ್ಲ. ಮೈಲಿಯ ವಿಷಯದಲ್ಲಿ ಹೇಳಿದ್ದರು.

ಮುಚ್ಚಿದ ಡಬ್ಬಿ ಟ್ರೈಲರ್ ಓಡಿಸುವವನು ಲೋಡು ಆದ ಮೇಲೆ ಬಾಗಿಲು ಹಾಕಿ ಹೊರಡುತ್ತಾನೆ. ಫ್ಲಾಟ್‌ಬೆಡ್‌ನಲ್ಲಿ ನಿಜವಾದ ಕೆಲಸ ಶುರುವಾಗುವುದೇ ಆಗ. ಚೈನು ಬಿಗಿಯಬೇಕು, ಬೆಲ್ಟು ಎಳೆಯಬೇಕು, ಮೇಲೆ ಹತ್ತಿ ಟಾರ್ಪಾಲು ಹೊದಿಸಬೇಕು. ಮರದ ಲೋಡಿಗೆ ಹಾಕುವ ಟಾರ್ಪಾಲು ಒಂದೊಂದೇ 100 ಪೌಂಡ್ ತೂಗುವುದುಂಟು. ಗಾಳಿ ಬೀಸುತ್ತಿದ್ದರೆ ಅದನ್ನು ಹಿಡಿದು ನಿಲ್ಲುವುದೇ ಒಂದು ಸಾಹಸ. ಕಟ್ಟಿದ ಸಾಮಗ್ರಿಯ ತಾಳುವ ಶಕ್ತಿ ಒಟ್ಟು ಸರಕಿನ ತೂಕದ ಅರ್ಧಕ್ಕಾದರೂ ಸಮ ಇರಬೇಕು ಅಂತ ಕಾನೂನಿದೆ. ಹೊರಟ ಮೇಲೆ ಮೊದಲ 50 ಮೈಲಿಯೊಳಗೆ ನಿಲ್ಲಿಸಿ ನೋಡಬೇಕು. ಆಮೇಲೆ 150 ಮೈಲಿ ಅಥವಾ 3 ಗಂಟೆ, ಯಾವುದು ಮೊದಲೋ ಆಗ ಮತ್ತೆ ನೋಡಬೇಕು. ಇದೆಲ್ಲ ಬೇಕಾದದ್ದೇ. ಸರಕು ರಸ್ತೆಗೆ ಬಿದ್ದರೆ ಯಾರದೋ ಜೀವ ಹೋಗುತ್ತದೆ. ಆದರೆ ಚಕ್ರ ತಿರುಗದ ಹೊತ್ತಿಗೆ ಮೈಲಿ ಲೆಕ್ಕದಲ್ಲಿ ಒಂದು ಸೆಂಟೂ ಬೀಳುವುದಿಲ್ಲ.

ಇನ್ನೊಂದು ಪೆಟ್ಟು ಗಡಿಯಾರದ್ದು. ಕೆಲಸ ಶುರು ಮಾಡಿದ ಮೇಲೆ 14 ಗಂಟೆಯೊಳಗೆ 11 ಗಂಟೆ ಮಾತ್ರ ಓಡಿಸಬಹುದು. ಬೆಳಿಗ್ಗೆ ಉಕ್ಕಿನ ಕಾರ್ಖಾನೆಯ ಗೇಟಿನಲ್ಲಿ ಸಾಲು ನಿಂತು, ಲೋಡು ಮಾಡಿಸಿ, ಕಟ್ಟಿ ಮುಗಿಸುವಷ್ಟರಲ್ಲಿ ಮಧ್ಯಾಹ್ನ. ಆ ಹೊತ್ತೆಲ್ಲ 14ರಲ್ಲಿ ಕಳೆದುಹೋಯಿತು. 8 ದಿನಕ್ಕೆ 70 ಗಂಟೆ ಎಂಬ ಮಿತಿಯನ್ನೂ ಅದೇ ಕೆಲಸ ತಿನ್ನುತ್ತದೆ. ಓವರ್‌ಟೈಮ್ ಕೇಳೋಣ ಅಂದರೆ, ರಾಜ್ಯದಿಂದ ರಾಜ್ಯಕ್ಕೆ ಸರಕು ಸಾಗಿಸುವ ದೊಡ್ಡ ಟ್ರಕ್ ಡ್ರೈವರ್‌ಗಳನ್ನು ಒಕ್ಕೂಟ ಸರ್ಕಾರದ ಓವರ್‌ಟೈಮ್ ಕಾನೂನಿನಿಂದ ಹೊರಗಿಟ್ಟಿದ್ದಾರೆ.

ಟಾರ್ಪಾಲಿಗೆ ಬೇರೆ ದುಡ್ಡು ಕೊಡುತ್ತೇವೆ ಅಂದಿದ್ದರು. ಕೊಟ್ಟರು, ಆದರೆ ಗಿರಾಕಿ ಅದಕ್ಕೆ ದುಡ್ಡು ಕೊಟ್ಟಿದ್ದ ಲೋಡುಗಳಿಗೆ ಮಾತ್ರ. ಗಿರಾಕಿ ಕೊಟ್ಟಿದ್ದಾನೋ ಇಲ್ಲವೋ ನೋಡಲು ನನಗೆ ದಾರಿಯೇ ಇರಲಿಲ್ಲ. ಲೋಡಿಗಾಗಿ ಕಾಯುವ ಹೊತ್ತಿನ ದುಡ್ಡಿನ ಕಥೆಯೂ ಅಷ್ಟೇ. ಮೊದಲ 2 ಗಂಟೆ ಬಿಟ್ಟಿ, ಆಮೇಲಿನದ್ದಕ್ಕೆ ಲೋಡು ಹಂಚುವ ಡಿಸ್ಪ್ಯಾಚರ್ ಹಿಂದೆ ಬಿದ್ದು ಬೇಡಬೇಕು. ಮೈಲಿಯನ್ನಾದರೂ ಸರಿಯಾಗಿ ಎಣಿಸಿದರೇ? ಅದೂ ಇಲ್ಲ. ಗಾಡಿಯ ಮೀಟರ್ ಒಂದು ಹೇಳುತ್ತದೆ, ಕಂಪನಿಯ ಕಂಪ್ಯೂಟರ್ ಊರಿಂದ ಊರಿಗೆ ಗೆರೆ ಎಳೆದು ಅದಕ್ಕಿಂತ ಕಡಿಮೆ ಹೇಳುತ್ತದೆ. ಸಂಬಳ ಎರಡನೆಯದರ ಮೇಲೆ.

ಹಿಡಿದುಕೊಳ್ಳುವುದರಲ್ಲಿ ಮಾತ್ರ ಅವರು ಬಲು ಚುರುಕು. ಹರಿದ ಬೆಲ್ಟಿನ ಬೆಲೆ ನನ್ನ ಚೀಟಿಯಲ್ಲಿ. ಕಳೆದುಹೋದ ಚೈನು ಬಿಗಿಯುವ ಸಾಧನದ ಬೆಲೆಯೂ ಅಲ್ಲೇ. ಸೇರಿದವರಿಗೆ ಅಂತ ಜಾಹೀರಾತಿನಲ್ಲಿ ದೊಡ್ಡದಾಗಿ ಹಾಕಿದ್ದ ಬೋನಸ್ಸು ಕಂತು ಕಂತಾಗಿ ಬರುವುದಂತೆ, ನಡುವೆ ಬಿಟ್ಟರೆ ಉಳಿದದ್ದು ಇಲ್ಲ. ತರಬೇತಿಯ ಖರ್ಚಿಗೂ ಒಂದು ಕರಾರು: ವರ್ಷ ತುಂಬುವ ಮೊದಲು ಹೋದರೆ ಅದನ್ನು ನಾವೇ ಕಟ್ಟಬೇಕು. ಮೊದಲೇ ಬಿಡಬೇಕು ಅನ್ನಿಸಿದರೂ ನಾನು ಉಳಿದದ್ದು ಇದೊಂದೇ ಕಾರಣಕ್ಕೆ.

ಮೈಲಿ ದರದಲ್ಲೇ ಒಂದು ಪಾಲನ್ನು ಊಟ ವಸತಿ ಭತ್ಯೆ ಅಂತ ತೋರಿಸುವವರೂ ಇದ್ದಾರೆ. ಅದಕ್ಕೆ ತೆರಿಗೆ ಇಲ್ಲ, ಹಾಗಾಗಿ ಈ ವಾರ ಕೈಗೆ ಜಾಸ್ತಿ ಬಂದಂತೆ ಕಾಣುತ್ತದೆ. ಆದರೆ ದಾಖಲೆಯಲ್ಲಿ ನಿಮ್ಮ ಸಂಬಳ ಕಡಿಮೆ. ಮನೆ ಸಾಲ ಕೇಳುವಾಗ, ಮುಂದೆ ಸೋಶಿಯಲ್ ಸೆಕ್ಯುರಿಟಿ (ಸರ್ಕಾರದ ಪಿಂಚಣಿ) ಲೆಕ್ಕ ಹಾಕುವಾಗ ಅದು ಗೊತ್ತಾಗುತ್ತದೆ.

ಇದಕ್ಕಿಂತ ದೊಡ್ಡ ಗುಂಡಿ ಇನ್ನೊಂದಿದೆ. ಸಂಬಳ ಸಾಲದು ಅಂತ ಗೊಣಗಿದರೆ, ಲೀಸ್ ಮೇಲೆ ಟ್ರಕ್ ತಗೊಳ್ಳಿ, ನೀವೇ ಮಾಲೀಕರಾಗಿ ಅನ್ನುತ್ತಾರೆ. ನನ್ನ ಜೊತೆ ಸೇರಿದ್ದ ಹುಡುಗನೊಬ್ಬ ತಗೊಂಡ. ಟ್ರಕ್ಕಿನ ಕಂತು, ಡೀಸೆಲ್ಲು, ವಿಮೆ, ರಿಪೇರಿ ಎಲ್ಲ ಅವನ ತಲೆಗೆ. ಲೋಡು ಯಾವುದು ಅನ್ನುವುದು ಮಾತ್ರ ಕಂಪನಿಯ ಕೈಯಲ್ಲಿ. ಚಳಿಗಾಲದಲ್ಲಿ ಕಟ್ಟಡ ಕೆಲಸ ತಗ್ಗಿ ಫ್ಲಾಟ್‌ಬೆಡ್ ಲೋಡು ಕಡಿಮೆಯಾದಾಗ ಅವನು ವಾರವಿಡೀ ದುಡಿದು ಕಂಪನಿಗೇ ಬಾಕಿ ಉಳಿಸಿಕೊಂಡ. ಒಕ್ಕೂಟ ಸರ್ಕಾರ ನೇಮಿಸಿದ್ದ ಟ್ರಕ್ ಲೀಸಿಂಗ್ ಕಾರ್ಯಪಡೆ 2025ರ ಜನವರಿಯಲ್ಲಿ ಇಂಥ ಲೀಸ್ ಖರೀದಿ ಕರಾರುಗಳನ್ನು ನಿಷೇಧಿಸಿ ಅಂತಲೇ ಸಂಸತ್ತಿಗೆ ಶಿಫಾರಸು ಮಾಡಿತು. ಹೊಸಬರು ಅದರ ಹತ್ತಿರವೂ ಸುಳಿಯಬೇಡಿ.

ಕಂಪನಿಯ ಟ್ರಕ್ಕನ್ನೇ ಓಡಿಸಿಕೊಂಡು, 1099 ಎಂಬ ತೆರಿಗೆ ಕಾಗದದ ಮೇಲೆ ಗುತ್ತಿಗೆದಾರ ಅಂತ ಬರೆಸಿಕೊಳ್ಳುವುದೂ ಬೇಡ. 15.3 ಶೇಕಡಾ ಸ್ವಯಂ ಉದ್ಯೋಗ ತೆರಿಗೆ ನಿಮ್ಮ ಮೇಲೆ ಬೀಳುತ್ತದೆ. ಲೋಡಿನ ಮೇಲಿಂದ ಬಿದ್ದು ಕಾಲು ಮುರಿದರೆ, ಕೆಲಸಗಾರರಿಗೆ ಸಿಗುವ ಪರಿಹಾರ ನಿಮಗಲ್ಲ ಅನ್ನುತ್ತಾರೆ.

ಸೇರುವ ಮೊದಲು ಎಷ್ಟು ಸೆಂಟ್ ಅಂತ ಕೇಳುವುದಕ್ಕಿಂತ, ಹೋದ ತಿಂಗಳು ಹೊಸ ಡ್ರೈವರ್‌ಗಳಿಗೆ ವಾರಕ್ಕೆ ಎಷ್ಟು ಮೈಲಿ ಸಿಕ್ಕಿತು ಅಂತ ಕೇಳಿ. ಹೆಸರು ಮರೆಮಾಡಿದ ಸಂಬಳದ ಚೀಟಿ ತೋರಿಸಿ ಅನ್ನಿ. ಟಾರ್ಪಾಲು, ಕಾಯುವಿಕೆ, ಗಾಡಿ ಕೆಟ್ಟು ನಿಂತ ದಿನ, ಇವುಗಳಿಗೆ ಏನು ಕೊಡುತ್ತೀರಿ, ಯಾವ ಷರತ್ತಿನ ಮೇಲೆ ಕೊಡುತ್ತೀರಿ ಅನ್ನುವುದು ಬರಹದಲ್ಲಿ ಬೇಕು. ವಾರಕ್ಕೆ ಕನಿಷ್ಠ ಇಷ್ಟು ಅಂತ ಖಾತ್ರಿ ಕೊಡುವ ಕಂಪನಿಗಳೂ ಇವೆ. ಸೆಂಟ್ ಸ್ವಲ್ಪ ಕಡಿಮೆ ಇದ್ದರೂ ಹೊಸಬರಿಗೆ ನಾನು ಅವನ್ನೇ ಹೇಳುತ್ತೇನೆ. ಲೋಡಿನ ಬಾಡಿಗೆಯಲ್ಲಿ ಶೇಕಡಾ ಇಷ್ಟು ಕೊಡುತ್ತೇವೆ ಅನ್ನುವವರ ಹತ್ತಿರ, ಗಿರಾಕಿ ಒಪ್ಪಿದ ದರದ ಕಾಗದ ಪ್ರತಿ ಲೋಡಿಗೂ ತೋರಿಸುತ್ತೀರಾ ಅಂತ ಕೇಳಿ. ಇಲ್ಲ ಅಂದರೆ ಅಲ್ಲಿಗೇ ಮಾತು ಮುಗಿಸಿ.

ಕರಾರಿನ ಪ್ರತಿಯನ್ನು ಮನೆಯಲ್ಲಿ ಕೂತಿರುವಾಗಲೇ ತರಿಸಿಕೊಳ್ಳಿ. ಅವರು ಬಸ್ ಟಿಕೆಟ್ ಕಳಿಸಿ, ದೂರದ ಊರಿನ ಹೋಟೆಲಿನಲ್ಲಿ ಇಳಿಸಿ, ಮಾರನೆ ದಿನ ಕಾಗದದ ಕಟ್ಟು ಮುಂದಿಟ್ಟರೆ ಅಲ್ಲಿ ಯಾರೂ ಓದಿ ಸಹಿ ಹಾಕುವುದಿಲ್ಲ.