ಕರಾವಳಿಯ ತೇವದಲ್ಲಿ ಎಂ-ಡಿಸ್ಕ್: ಹಲವು ಮಳೆಗಾಲ ಕಂಡ ಮೇಲಿನ ಅನಿಸಿಕೆ

ಎಂ-ಡಿಸ್ಕ್ ಎಂದರೆ ಮಾಹಿತಿಯನ್ನು ಬಹುಕಾಲ ಕಾಪಿಡಲೆಂದೇ ಮಾಡಿದ, ಸಾವಿರ ವರ್ಷ ಬಾಳುತ್ತದೆ ಎಂಬ ಪ್ರಚಾರ ಪಡೆದ ಡಿಸ್ಕ್. ವರ್ಬಾಟಿಮ್ ಕಂಪನಿಯ 25 ಜಿಬಿ ಎಂ-ಡಿಸ್ಕ್ ಬ್ಲೂ-ರೇಗೆ ನಾನು ಐದಕ್ಕೆ ನಾಲ್ಕು ಕೊಡುತ್ತೇನೆ. ಡಿಸ್ಕಿನ ಬಗ್ಗೆ ನನ್ನ ತಕರಾರೇನೂ ಇಲ್ಲ. ಅದನ್ನು ಓದುವ ಡ್ರೈವ್‌ಗಳ ಭವಿಷ್ಯ ನೆನೆದು ಒಂದು ಅಂಕ ಹಿಡಿದಿಟ್ಟಿದ್ದೇನೆ.

ನಾನು ಇದರಲ್ಲಿ ಇಟ್ಟಿರುವುದು ತಾಳಮದ್ದಳೆಯ, ಅಂದರೆ ವೇಷ, ಕುಣಿತವಿಲ್ಲದೆ ಕೂತು ನಡೆಸುವ ಯಕ್ಷಗಾನದ, ಧ್ವನಿಮುದ್ರಣ. ಎಂಬತ್ತು, ತೊಂಬತ್ತರ ದಶಕದಲ್ಲಿ ನೆಂಟರಿಷ್ಟರು ಟೇಪ್‌ರೆಕಾರ್ಡರ್ ಹೊತ್ತುಕೊಂಡು ಹೋಗಿ ತುಂಬಿಸಿಕೊಂಡು ಬಂದ ಕ್ಯಾಸೆಟ್‌ಗಳು. ಭಾಗವತರು ಹಾಡುವ ಪದ್ಯಕ್ಕೆ ಅಚ್ಚಾದ ಪ್ರಸಂಗ ಪುಸ್ತಕ ಸಿಗುತ್ತದೆ, ಆ ಪದ್ಯ ಹಿಡಿದು ಕಲಾವಿದರು ಆಡುವ ಮಾತಿಗೆ, ಅಂದರೆ ಅರ್ಥಕ್ಕೆ, ಸಿಗುವುದಿಲ್ಲ. ಎದುರು ಕೂತವರ ಮಾತಿಗೆ ತಕ್ಕಂತೆ ಅರ್ಥಧಾರಿ ಆ ರಾತ್ರಿ ಕಟ್ಟಿದ ವಾದ ಆ ಟೇಪಿನಲ್ಲಿ ಬಿಟ್ಟರೆ ಬೇರೆಲ್ಲೂ ಇಲ್ಲ. ಅದು ಅಳಿಸಿಹೋದರೆ ಮತ್ತೆ ಹುಟ್ಟಿಸಲು ಯಾರಿಂದಲೂ ಆಗದು. ಆ ಹಿರಿಯರಲ್ಲಿ ಹೆಚ್ಚಿನವರು ಈಗ ನಮ್ಮೊಂದಿಗಿಲ್ಲ.

ಹಾಗಾಗಿ ಕ್ಯಾಸೆಟ್‌ಗಳನ್ನು 24 ಬಿಟ್, 96 ಕಿಲೋಹರ್ಟ್ಸ್‌ನಲ್ಲಿ ಕಂಪ್ಯೂಟರಿಗೆ ಇಳಿಸಿಕೊಂಡೆವು. ಈ ಗುಣಮಟ್ಟದಲ್ಲಿ ಸ್ಟೀರಿಯೋ ಒಂದು ಗಂಟೆಗೆ ಸುಮಾರು 2 ಜಿಬಿ ತಿನ್ನುತ್ತದೆ. ರಾತ್ರಿಯಿಡೀ ನಡೆದ ಒಂದು ಕೂಟ ಒಂದು ಡಿಸ್ಕಿನಲ್ಲಿ ನೆಮ್ಮದಿಯಾಗಿ ಕೂರುತ್ತದೆ. ಒಂದು ಕೂಟಕ್ಕೆ ಒಂದು ಡಿಸ್ಕ್ ಎಂಬ ಲೆಕ್ಕ ಹುಡುಕುವವರಿಗೂ ಸುಲಭ.

ಕರಾವಳಿಯಲ್ಲಿ ಇರುವವರಿಗೆ ತೇವವೇ ಶತ್ರು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕಪಾಟಿನ ಬಟ್ಟೆಗೇ ಬೂಷ್ಟು ಹಿಡಿಯುತ್ತದೆ. ಮಾಮೂಲಿ ಸಿಡಿ-ಆರ್, ಡಿವಿಡಿ-ಆರ್‌ಗಳಲ್ಲಿ ಮಾಹಿತಿ ಕೂರುವುದು ಸಾವಯವ ಬಣ್ಣದ ಪದರದ ಮೇಲೆ. ಬೆಳಕು, ಬಿಸಿ, ತೇವಕ್ಕೆ ಆ ಬಣ್ಣ ಕೆಡುತ್ತದೆ. ಎಂ-ಡಿಸ್ಕಿನ ಪದರ ನಿರವಯವ ವಸ್ತುವಿನದು, ಲೇಸರ್ ಅದರಲ್ಲಿ ಶಾಶ್ವತ ಗುರುತು ಮೂಡಿಸುತ್ತದೆ. ನಮ್ಮ ಮನೆಯ ಹಳೆಯ ಸಿಡಿಗಳಲ್ಲಿ ಹಲವು ಈಗ ಓದಲು ಬಾರವು. ಎಂ-ಡಿಸ್ಕಿನಲ್ಲಿ ಇಲ್ಲಿಯವರೆಗೆ ಒಂದೇ ಒಂದು ಫೈಲೂ ಕೆಟ್ಟಿಲ್ಲ. ಗಾಳಿಯಾಡದ ಡಬ್ಬಿಯಲ್ಲಿ, ಸಿಲಿಕಾ ಜೆಲ್ ಪೊಟ್ಟಣ ಹಾಕಿ, ನಿಲ್ಲಿಸಿ ಇಟ್ಟಿದ್ದೇನೆ. ಪ್ರತಿ ಡಿಸ್ಕಿನ ಜತೆ ಎಸ್‌ಎಚ್‌ಎ-256 ಚೆಕ್‌ಸಮ್ (ಫೈಲ್ ಒಂದಿಷ್ಟು ಬದಲಾದರೂ ತಾನೂ ಬದಲಾಗುವ, ಫೈಲಿನಿಂದ ಲೆಕ್ಕ ಹಾಕಿದ ಗುರುತು ಸಂಖ್ಯೆ) ಪಟ್ಟಿಯನ್ನೂ ಬರೆದಿರುವುದರಿಂದ ದೀಪಾವಳಿ ಹೊತ್ತಿಗೆ ಎಲ್ಲವನ್ನೂ ಓದಿಸಿ ತಾಳೆ ನೋಡುತ್ತೇನೆ. ಈ ಪಟ್ಟಿ ಇಲ್ಲದಿದ್ದರೆ ಫೈಲ್ ತೆರೆದುಕೊಂಡಿತು ಎನ್ನಬಹುದೇ ಹೊರತು ಸರಿಯಾಗಿದೆ ಎನ್ನಲು ಆಧಾರವಿರುವುದಿಲ್ಲ.

ಬರೆಯುವುದಕ್ಕೆ ತಾಳ್ಮೆ ಬೇಕು. 4ಎಕ್ಸ್ ವೇಗದಲ್ಲಿ ತುಂಬಿದ ಡಿಸ್ಕಿಗೆ ಅರ್ಧ ಗಂಟೆಯ ಆಸುಪಾಸು, ಬರೆದದ್ದನ್ನು ಪರೀಕ್ಷಿಸಲು ಮತ್ತೆ ಅಷ್ಟೇ. ಬೆಲೆಯೂ ಮಾಮೂಲಿ ಬ್ಲೂ-ರೇಗಿಂತ ಹೆಚ್ಚು. ಇಲ್ಲಿ ಒಂದು ಮಾತು ಹೇಳಲೇಬೇಕು: ಮಾಮೂಲಿ ಬ್ಲೂ-ರೇಯಲ್ಲೂ ಎಚ್‌ಟಿಎಲ್ ಬಗೆಯವು ನಿರವಯವ ಪದರದವೇ. ಕೆಡುವ ಬಣ್ಣವಿರುವುದು ಎಲ್‌ಟಿಎಚ್ ಬಗೆಯಲ್ಲಿ. ಡಿವಿಡಿಯಲ್ಲಿ ಎಂ-ಡಿಸ್ಕಿಗೂ ಉಳಿದವಕ್ಕೂ ಇದ್ದಷ್ಟು ಅಂತರ ಬ್ಲೂ-ರೇಯಲ್ಲಿ ಇಲ್ಲ. ಕೈ ಬಿಗಿಯಿದ್ದವರು ಒಳ್ಳೆಯ ಎಚ್‌ಟಿಎಲ್ ಡಿಸ್ಕ್ ತಂದು ಎರಡು ಪ್ರತಿ ಮಾಡಿಕೊಳ್ಳಲಿ.

ಇನ್ನು ಸಾವಿರ ವರ್ಷದ ಮಾತು. ಎಂ-ಡಿಸ್ಕ್ ರೂಪಿಸಿದ ಅಮೆರಿಕದ ಯೂಟಾ ರಾಜ್ಯದ ಮಿಲೆನಿಯಾಟ ಕಂಪನಿ ಮುಂದಿಟ್ಟದ್ದು ಆ ಸಂಖ್ಯೆಯನ್ನೇ. ಆ ಕಂಪನಿ 2016ರಲ್ಲಿ ದಿವಾಳಿಯಾಯಿತು. ಬರೆಯಬಲ್ಲ ಬ್ಲೂ-ರೇ ಡಿಸ್ಕ್‌ಗಳ ತಯಾರಿಕೆಯನ್ನು ಸೋನಿ 2025ರ ಫೆಬ್ರುವರಿಯಲ್ಲಿ ನಿಲ್ಲಿಸಿತು. ಹೊಸ ಲ್ಯಾಪ್‌ಟಾಪ್‌ಗಳಲ್ಲಿ ಡಿಸ್ಕ್ ಡ್ರೈವ್ ಮಾಯವಾಗಿ ಎಷ್ಟೋ ಕಾಲವಾಯಿತು. ಪದರ ಸಾವಿರ ವರ್ಷ ಉಳಿದರೂ ಓದುವ ಯಂತ್ರ ಮೂವತ್ತು ವರ್ಷ ಸಿಗುತ್ತದೆಂಬ ಖಾತರಿ ಇಲ್ಲ. ಯುಎಸ್‌ಬಿ ಬ್ಲೂ-ರೇ ಡ್ರೈವ್ ಎರಡು ತಂದಿದ್ದೇನೆ, ಒಂದನ್ನು ಪೆಟ್ಟಿಗೆಯಲ್ಲೇ ಇಟ್ಟಿದ್ದೇನೆ. ಡ್ರೈವ್‌ಗಳು ಅಂಗಡಿಯಲ್ಲಿ ಸಿಗುವುದು ವಿರಳವಾಗುತ್ತಿದ್ದಂತೆಯೇ ಎಲ್ಲವನ್ನೂ ಆಗಿನ ಮಾಧ್ಯಮಕ್ಕೆ ಸಾಗಿಸುವುದೆಂದು ಮನೆಯಲ್ಲಿ ಮಾತಾಡಿಕೊಂಡಿದ್ದೇವೆ.

ಕನ್ನಡದವರಿಗೆ ಇನ್ನೂ ಒಂದು ತೊಡಕಿದೆ. ಕೂಟಗಳ ವಿವರವನ್ನು, ಯಾವ ಪ್ರಸಂಗ, ಭಾಗವತರು ಯಾರು, ಚೆಂಡೆ ಮದ್ದಳೆಗೆ ಯಾರು ಎಂಬುದನ್ನೆಲ್ಲ ಹಿಂದೆ ನುಡಿ, ಬರಹದ ಹಳೆಯ ಫಾಂಟ್‌ಗಳಲ್ಲಿ ಟೈಪ್ ಮಾಡಿದ್ದರು. ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಕಾಣುವುದು ಅರ್ಥವಿಲ್ಲದ ರೋಮನ್ ಅಕ್ಷರ, ಚಿಹ್ನೆಗಳ ರಾಶಿ. ಡಿಸ್ಕ್ ಅದನ್ನು ಒಂದು ಬಿಟ್ಟೂ ಬದಲಾಗದಂತೆ ಕಾಪಾಡುತ್ತದೆ, ಆದರೂ ಮೊಮ್ಮಕ್ಕಳಿಗೆ ಓದಲಾಗದು. ಎಲ್ಲವನ್ನೂ ಯೂನಿಕೋಡ್‌ಗೆ ಪರಿವರ್ತಿಸಿ, ಒತ್ತಕ್ಷರ, ಅರ್ಕಾವತ್ತು ತಪ್ಪಿದಲ್ಲಿ ಕೈಯಾರೆ ತಿದ್ದಿ, ಸಾದಾ ಪಠ್ಯದ ಫೈಲಾಗಿ ಡಿಸ್ಕಿಗೆ ಸೇರಿಸಿದ್ದೇನೆ. ಧ್ವನಿಗೆ ಎಲ್ಲರಿಗೂ ಮುಕ್ತವಾಗಿರುವ ಫ್ಲ್ಯಾಕ್ ರೂಪವೇ ಸಾಕು, ಗುಣಮಟ್ಟ ಕಳೆದುಕೊಳ್ಳದೆ ಗಾತ್ರ ಇಳಿಯುತ್ತದೆ.

ಡಿಸ್ಕ್ ಒಂದನ್ನೇ ನೆಚ್ಚಬೇಡಿ. ನಮ್ಮಲ್ಲಿ ಇನ್ನೊಂದು ಪ್ರತಿ ಹಾರ್ಡ್‌ಡಿಸ್ಕಿನಲ್ಲಿದೆ, ಮೂರನೆಯದು ಬೇರೆ ಊರಿನಲ್ಲಿರುವ ಅಕ್ಕನ ಮನೆಯಲ್ಲಿ. ಪೆನ್‌ಡ್ರೈವ್, ಎಸ್‌ಎಸ್‌ಡಿಗಳನ್ನು ವರ್ಷಗಟ್ಟಲೆ ಕರೆಂಟ್ ಕೊಡದೆ ಇಟ್ಟರೆ ಒಳಗಿನ ವಿದ್ಯುದಂಶ ಸೋರುವುದರಿಂದ ಅವು ಈ ಕೆಲಸಕ್ಕಲ್ಲ. ಕಂಪ್ಯೂಟರ್ ಮಾಹಿತಿ ಕಾಪಿಡುವ ಎಲ್‌ಟಿಒ ಟೇಪ್ ಒಳ್ಳೆಯದು, ಆದರೆ ಡ್ರೈವಿಗೇ ಲಕ್ಷಗಳಾಗುವುದರಿಂದ ಅದು ಸಂಸ್ಥೆಗಳಿಗೆ ಸರಿ.

ಟೆರಾಬೈಟ್‌ಗಟ್ಟಲೆ ಮದುವೆ ವಿಡಿಯೋ ಇರುವವರಿಗೆ ಇದನ್ನು ಹೇಳುವುದಿಲ್ಲ. ಎರಡು ಹಾರ್ಡ್‌ಡಿಸ್ಕ್ ಇಟ್ಟು ಐದಾರು ವರ್ಷಕ್ಕೊಮ್ಮೆ ಬದಲಿಸಿ. ಕೊಳ್ಳುವವರಿಗೆ 25 ಜಿಬಿಯದೇ ಸಾಕು. 100 ಜಿಬಿಯದಕ್ಕೆ ಬಿಡಿಎಕ್ಸ್‌ಎಲ್ (ಹೆಚ್ಚು ಪದರಗಳ ದೊಡ್ಡ ಬ್ಲೂ-ರೇ) ಓದಬಲ್ಲ ಡ್ರೈವೇ ಬೇಕು, ಒಂದು ಡಿಸ್ಕ್ ಕೈಜಾರಿದರೆ ನಾಲ್ಕು ರಾತ್ರಿಯ ಕೂಟ ಒಟ್ಟಿಗೇ ಹೋಗುತ್ತದೆ.